ಗೋಧಿ ಹಳದಿಯಾದರೆ ಯೂರಿಯಾ ಎರಚಬೇಕೇ?

ಎಲ್ಲರಿಗೂ ನಮಸ್ಕಾರ.

ಇವತ್ತು ಪಂಜಾಬಿನ ಹೊಲದ ಮಾತು. ನಮ್ಮ ಧಾರವಾಡ, ವಿಜಯಪುರದ ಕಡೆ ಗೋಧಿ ಅಂದರೆ ಕಪ್ಪು ಮಣ್ಣಿನ ಹಿಂಗಾರಿ ಬೆಳೆ. ಭತ್ತ ಕೊಯ್ದ ಗದ್ದೆಗೆ ಗೋಧಿ ಬಿತ್ತುವ ರೂಢಿ ನಮಗಿಲ್ಲ. ಪಂಜಾಬ್, ಹರಿಯಾಣದಲ್ಲಿ ಅದೇ ಬದುಕು. ಅಕ್ಟೋಬರಿನಲ್ಲಿ ಭತ್ತ ಕೊಯ್ದು, ನವೆಂಬರ್ ಮಧ್ಯದೊಳಗೆ ಗೋಧಿ ಬಿತ್ತಬೇಕು. ತಡವಾದರೆ ಮಾರ್ಚ್ ಬಿಸಿಲಿಗೆ ಕಾಳು ಸೊರಗುತ್ತದೆ.

ಆ ಗದ್ದೆಯ ಒಂದು ಹೆಂಟೆ ಒಡೆದು ನೋಡಿ. ಮೇಲಿನ ಮಣ್ಣು ಪುಡಿಯಾಗುತ್ತದೆ. ಒಂದು ಗೇಣು ಕೆಳಗೆ ಹೋದರೆ ಇಟ್ಟಿಗೆ ಥರ ಗಟ್ಟಿ ಪದರ. ವರ್ಷವರ್ಷ ಕೆಸರು ಮಾಡಿ ಮಾಡಿ ಕೂತಿದ್ದು ಅದು. ಭತ್ತಕ್ಕೆ ನೀರು ನಿಲ್ಲಲು ಅದು ಬೇಕು. ಗೋಧಿಗೆ ಅದೇ ತೊಂದರೆ.

ಬಿತ್ತಿದ ಸುಮಾರು 21 ದಿನಕ್ಕೆ ಗೋಧಿಗೆ ಹೊಸ ಬೇರು ಬರುತ್ತದೆ. ಮೊದಲ ನೀರು ಕೊಡೋದು ಆ ಹೊತ್ತಿಗೆ. ಬಿಗಿ ಮಣ್ಣಿನಲ್ಲಿ ನೀರು ಇಂಗದೆ ನಿಲ್ಲುತ್ತದೆ. ನಾಲ್ಕೈದು ದಿನದಲ್ಲಿ ಪೈರು ಹಳದಿ! ರೈತ ಏನು ಮಾಡುತ್ತಾನೆ? ಪೈರಿಗೆ ಹಸಿವು ಅಂದುಕೊಂಡು ಇನ್ನೊಂದು ಮೂಟೆ ಯೂರಿಯಾ ಎರಚುತ್ತಾನೆ. ಮೂಟೆ 270 ರೂಪಾಯಿಗೂ ಕಡಿಮೆಗೆ ಸಿಗುವಾಗ ಕೈ ಹಿಡಿಯುವವರು ಯಾರು? ಆದರೆ ಆ ಪೈರಿಗೆ ಅನೇಕ ಸಲ ಬೇಕಾಗಿದ್ದು ಗಾಳಿ, ಗೊಬ್ಬರ ಅಲ್ಲ.

ಹಾಗೆ ಎರಚಿದ ಯೂರಿಯಾದಲ್ಲಿರುವ ಸಾರಜನಕ ಎಲ್ಲಿಗೆ ಹೋಗುತ್ತದೆ? ಭತ್ತದ ಕಾಲದಲ್ಲಿ ಮಣ್ಣಿಗೆ ಗಾಳಿಯಿಲ್ಲ, ಸಾರಜನಕ ಅಮೋನಿಯಂ ಆಗಿ ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ. ಗದ್ದೆ ಒಣಗಿ ಗಾಳಿ ಸೇರಿದ ಕೂಡಲೇ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಯಾವುದಕ್ಕೂ ಅಂಟದು. ಮರಳು ಮಣ್ಣಾದರೆ ನೀರಿನ ಜೊತೆ ಕೆಳಗಿಳಿಯುತ್ತದೆ. ನೀರು ನಿಂತ ಬಿಗಿ ಮಣ್ಣಾದರೆ, ಉಸಿರುಕಟ್ಟಿದ ಬ್ಯಾಕ್ಟೀರಿಯಾ ನೈಟ್ರೇಟಿನ ಆಮ್ಲಜನಕವನ್ನೇ ಬಳಸುತ್ತವೆ. ಉಳಿದದ್ದು ಅನಿಲವಾಗಿ ಹಾರಿಹೋಗುತ್ತದೆ. ಅದರಲ್ಲಿ ಸ್ವಲ್ಪ ನೈಟ್ರಸ್ ಆಕ್ಸೈಡ್. ನೂರು ವರ್ಷದ ಲೆಕ್ಕದಲ್ಲಿ ಭೂಮಿ ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು.

ಇನ್ನು ಒದ್ದೆ ಮಣ್ಣಿನ ಮೇಲೇ ಬಿದ್ದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ. ಅಲ್ಲಿನ ಮಣ್ಣು ಸ್ವಲ್ಪ ಕ್ಷಾರ, ಹಾಗಾಗಿ ನಷ್ಟ ಜಾಸ್ತಿ. ಭತ್ತದ ಹುಲ್ಲು ಹಾಸಿದ್ದರೆ ಇನ್ನೂ ಬೇಗ ಹೋಗುತ್ತದೆ, ಯೂರಿಯಾ ಒಡೆಯುವ ಕಿಣ್ವ ಹುಲ್ಲಿನಲ್ಲೇ ಇರುತ್ತದಲ್ವಾ! ಹಾಗಂತ ಹುಲ್ಲು ಸುಡಬೇಡಿ. ಟನ್ ಹುಲ್ಲಿನಲ್ಲಿ ಸುಮಾರು 5.5 ಕೆಜಿ ಸಾರಜನಕ ಇರುತ್ತದೆ, ಸುಟ್ಟರೆ ಬಹುಪಾಲು ಹೊಗೆ. ಬಿತ್ತುವ ಮುಂಚೆ ಮಣ್ಣಿಗೆ ಮಗುಚಿದರೂ ಕಷ್ಟವೇ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಪೈರಿನ ಪಾಲಿನ ಸಾರಜನಕವನ್ನು ಸ್ವಲ್ಪ ಕಾಲ ಎತ್ತಿಟ್ಟುಕೊಳ್ಳುತ್ತವೆ.

ಜಗತ್ತಿನ ಏಕದಳ ಧಾನ್ಯಗಳ ಬಗ್ಗೆ 1999ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹಾಕಿದ ಸಾರಜನಕದಲ್ಲಿ ಬೆಳೆಗೆ ದಕ್ಕಿದ್ದು ಶೇ 33 ಮಾತ್ರ. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಗೋಧಿಗೆ ಹೇಳುವುದು ಎಕರೆಗೆ ಸುಮಾರು 50 ಕೆಜಿ ಸಾರಜನಕ. ಶೇ 46 ಸಾರಜನಕದ 45 ಕೆಜಿ ಮೂಟೆಯ ಲೆಕ್ಕದಲ್ಲಿ ಎರಡೂವರೆ ಮೂಟೆಯೂ ಆಗದು. 2015ರಿಂದ ಬೇವು ಲೇಪನ ಕಡ್ಡಾಯ ಆಯ್ತು, ಅದು ಯೂರಿಯಾ ನೈಟ್ರೇಟ್ ಆಗುವುದನ್ನು ಸ್ವಲ್ಪ ತಡೆಯುತ್ತದೆ. ಸರಿಯೇ. ಆದರೆ ಹೊತ್ತು ತಪ್ಪಿ ಎರಚಿದರೆ ಬೇವು ಏನು ಮಾಡೀತು?

ನನ್ನ ಕೈಯಲ್ಲಿರುವುದು ಎಲೆ ಬಣ್ಣದ ಪಟ್ಟಿ. ಪ್ಲಾಸ್ಟಿಕ್ಕಿನ ಮೇಲೆ ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಪಟ್ಟೆಗಳು, ಅಷ್ಟೇ. ಮೇಲಿನ ಪೂರ್ತಿ ಬಿಚ್ಚಿದ ಎಲೆ ಹಿಡಿಯಿರಿ, ಕೀಳಬೇಡಿ. ಬಿಸಿಲಿಗೆ ಬೆನ್ನು ಮಾಡಿ, ನಿಮ್ಮ ನೆರಳಿನಲ್ಲೇ ಪಟ್ಟಿಗೆ ಹೋಲಿಸಿ. ಹತ್ತು ಕಡೆ ನೋಡಿ. ಕಡು ಹಸಿರಿದ್ದರೆ ಮೂಟೆ ಬಿಚ್ಚಬೇಡಿ. ಹಳದಿ ಕಂಡರೆ ಮೊದಲು ಕಾಲಿನ ಕೆಳಗೆ ನೀರು ನಿಂತಿದೆಯೇ ನೋಡಿ, ಆಮೇಲೆ ಪಟ್ಟಿ.

ತುಂಗಭದ್ರಾ ಕಡೆಯಿಂದ ಬಂದ ಭತ್ತದವರೂ ಇಲ್ಲಿದ್ದೀರಿ. ಇದು ಭತ್ತಕ್ಕೂ ನಡೆಯುತ್ತದೆ. ನಾಲ್ಕು ಪಟ್ಟಿ ತಂದಿದ್ದೇನೆ, ಹಿಂದಿನ ಸಾಲಿಗೂ ದಾಟಿಸಿ. ಚಹಾ ಆದಮೇಲೆ ಹೊರಗಿನ ಗದ್ದೆಯಲ್ಲೇ ಹಿಡಿದು ನೋಡೋಣ.