ಫ್ರೀಮಾಂಟ್‌ನಲ್ಲಿ ನನ್ನ ಕಂಪನಿ ಪರದೇಶಿ

ನಮಸ್ಕಾರ. ಈಗ ಕಾಣುತ್ತಿರುವುದು ನಮ್ಮ ಮನೆಯ ಗ್ಯಾರೇಜ್. ಊರು ಫ್ರೀಮಾಂಟ್, ಕ್ಯಾಲಿಫೋರ್ನಿಯಾ. ಕಾರು ಹೊರಗೆ ಬಿಸಿಲಲ್ಲಿ ನಿಂತಿದೆ, ಸೀರೆಗಳು ಒಳಗೆ ನೆರಳಲ್ಲಿವೆ. ಈ ಏರ್ಪಾಡಿನ ಬಗ್ಗೆ ನಮ್ಮ ಮನೆಯವರಿಗೆ ಒಂದು ಅಭಿಪ್ರಾಯ ಇದೆ. ಅದು ಬೇರೆ ವಿಡಿಯೋಗೆ ಇರಲಿ.

ಇವೆಲ್ಲ ಇಳಕಲ್ ಸೀರೆಗಳು. ನನ್ನ ತವರು ಹುನಗುಂದ, ಇಳಕಲ್ ಅಲ್ಲೇ ಪಕ್ಕ. ಗ್ರೀನ್ ಕಾರ್ಡ್ ಬಂದ ಮೇಲೆ ಧೈರ್ಯ ಮಾಡಿ ಈ ವ್ಯಾಪಾರ ಶುರು ಮಾಡಿದೆ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವರು ಇದನ್ನು ನೋಡಿ ಹುರುಪಾಗಬೇಡಿ, ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ. ನಾನಂತೂ ವಕೀಲೆ ಅಲ್ಲ. ಪೆಟ್ಟು ತಿಂದವಳು, ಅಷ್ಟೇ.

2023ರ ಏಪ್ರಿಲ್‌ನಲ್ಲಿ ಎಲ್‌ಎಲ್‌ಸಿ, ಅಂದರೆ ಲಿಮಿಟೆಡ್ ಲಯಬಿಲಿಟಿ ಕಂಪನಿ, ಮಾಡಿದೆ. ವ್ಯಾಪಾರ ಮುಳುಗಿದರೂ ಮನೆ, ಉಳಿತಾಯ ಅದರ ಜೊತೆ ಮುಳುಗಬಾರದು, ಅದಕ್ಕೆ ಈ ಎಲ್‌ಎಲ್‌ಸಿ. ಅಮೆರಿಕದಲ್ಲಿ ಇದರ ಮೊದಲ ಕಾನೂನು ಬಂದಿದ್ದು 1977ರಲ್ಲಿ, ವಯೋಮಿಂಗ್ ಎಂಬ ದನ ಕಾಯುವ ರಾಜ್ಯದಲ್ಲಿ. ಈಗ ಎಲ್ಲ ರಾಜ್ಯಗಳಲ್ಲೂ ಇದೆ. ನಾನು ಆರಿಸಿಕೊಂಡಿದ್ದು ಡೆಲವೇರ್. ಯಾಕೆ? ಒಂದು ವಿಡಿಯೋದಲ್ಲಿ ಹೇಳಿದ್ದರು, ಡೆಲವೇರ್‌ನಲ್ಲಿ ಮಾಡಿದರೆ ಟ್ಯಾಕ್ಸ್ ಇಲ್ಲ ಅಂತ. ಆನ್‌ಲೈನ್‌ನಲ್ಲಿ ಒಂದು ಸಂಜೆ ಕೂತು ಮುಗಿಸಿದೆ. ಚಹಾ ಆರುವಷ್ಟರಲ್ಲಿ ಕಂಪನಿ ಮಾಲಕಿ!

ಅವ್ವನಿಗೆ ಫೋನ್ ಮಾಡಿ ಹೇಳಿದೆ.

"ಕಂಪನಿ ಎಲ್ಲೈತಿ?"

"ಡೆಲವೇರ್‌ನಾಗ ಅವ್ವಾ."

"ಅದು ನಿಮ್ಮ ಮನಿಗೆ ಸಮೀಪ ಏನು?"

"ಇಲ್ಲ. ವಿಮಾನದಾಗ ಐದಾರು ತಾಸು."

"ಅಲ್ಲಿ ನಿಂದು ಏನೈತಿ?"

"ಏನಿಲ್ಲ."

"ಮತ್ಯಾಕ ಅಲ್ಲಿ?"

ನಾನು ನಕ್ಕು ಮಾತು ಬದಲಿಸಿದೆ. ಒಂದೂವರೆ ವರ್ಷದ ನಂತರ ಅದೇ ಪ್ರಶ್ನೆಯನ್ನು ಒಬ್ಬ ಅಮೆರಿಕನ್ ಮಹಿಳೆ ಇಂಗ್ಲಿಷ್‌ನಲ್ಲಿ ಕೇಳಿದರು.

ಆಗಿದ್ದು ಇಷ್ಟು. 2024ರ ಮೇ ತಿಂಗಳಲ್ಲಿ ಇಲ್ಲಿಂದ ಅರ್ಧ ಗಂಟೆ ದೂರದ ಒಂದು ಬುಟಿಕ್ ನನ್ನಿಂದ ಸೀರೆ ತೆಗೆದುಕೊಂಡಿತು. ಬಿಲ್ 3,180 ಡಾಲರ್. ನನ್ನ ಮಟ್ಟಿಗೆ ಅದು ದೊಡ್ಡ ಆರ್ಡರ್. ಜೂನ್ ಹೋಯಿತು, ಜುಲೈ ಹೋಯಿತು. ಪ್ರತಿ ಸಲ "ಮುಂದಿನ ಶುಕ್ರವಾರ ಖಂಡಿತ". ಸೆಪ್ಟೆಂಬರ್ ಹೊತ್ತಿಗೆ ನನಗೆ ಶುಕ್ರವಾರದ ಮೇಲೆಯೇ ನಂಬಿಕೆ ಹೋಗಿತ್ತು.

ಇಲ್ಲಿ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಅಂತ ಇದೆ. ಸಣ್ಣ ಮೊತ್ತದ ಜಗಳಗಳಿಗೆ. ವಿಚಾರಣೆಗೆ ವಕೀಲರು ಬಂದು ವಾದ ಮಾಡುವಂತಿಲ್ಲ, ನಾವೇ ಹೋಗಿ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ವ್ಯಕ್ತಿಗಳಿಗೆ 12,500 ಡಾಲರ್‌ವರೆಗೆ, ನನ್ನಂಥ ಕಂಪನಿಗಳಿಗೆ 6,250 ಡಾಲರ್‌ವರೆಗೆ ಮಿತಿ. ಪ್ರತಿ ಕೌಂಟಿಯಲ್ಲೂ, ಅಂದರೆ ನಮ್ಮ ಜಿಲ್ಲೆ ಇದ್ದಂತೆ, ದುಡ್ಡಿಲ್ಲದೆ ಸಲಹೆ ಕೊಡುವವರು ಇರುತ್ತಾರೆ. ಫೋನ್ ಮಾಡಿದೆ. ಆ ಮಹಿಳೆ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಹಾಕಿದರು. ನಿಮ್ಮ ಎಲ್‌ಎಲ್‌ಸಿ ಕ್ಯಾಲಿಫೋರ್ನಿಯಾದಲ್ಲಿ ರಿಜಿಸ್ಟರ್ ಆಗಿದೆಯಾ?

ಸೆಲ್ಲರ್ಸ್ ಪರ್ಮಿಟ್ ಇದೆ ಅಂದೆ. ಅದು ಸೇಲ್ಸ್ ಟ್ಯಾಕ್ಸ್‌ಗೆ ಅಂದರು. ಫ್ರೀಮಾಂಟ್ ಸಿಟಿಯ ಬಿಸಿನೆಸ್ ಲೈಸೆನ್ಸ್ ಇದೆ ಅಂದೆ. ಅದು ಸಿಟಿಗೆ ಅಂದರು. ಇವೆರಡೂ ಇದ್ದರೆ ಸಾಕು ಅಂತ ನಾನು ಒಂದೂವರೆ ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ.

ಇಲ್ಲಿಂದ ಸ್ವಲ್ಪ ಗಮನ ಕೊಡಿ. ಅಮೆರಿಕದ ಕಾನೂನಿನಲ್ಲಿ ಬೇರೆ ರಾಜ್ಯದಲ್ಲಿ ಹುಟ್ಟಿದ ಕಂಪನಿಯನ್ನು ಫಾರಿನ್ ಎನ್ನುತ್ತಾರೆ. ಬೇರೆ ದೇಶದ್ದಲ್ಲ, ಬೇರೆ ರಾಜ್ಯದ್ದು. ಅಂದರೆ ಡೆಲವೇರ್‌ನ ಕಂಪನಿ ಕ್ಯಾಲಿಫೋರ್ನಿಯಾಕ್ಕೆ ಪರದೇಶಿ. ಟ್ಯಾಕ್ಸ್ ಫಾರಂಗಳಲ್ಲಿ ಗ್ರೀನ್ ಕಾರ್ಡ್ ಇರುವ ನಾನು ರೆಸಿಡೆಂಟ್ ಏಲಿಯನ್. ಏಲಿಯನ್ ಒಬ್ಬಳು ಫಾರಿನ್ ಕಂಪನಿ ಇಟ್ಟುಕೊಂಡು ಗ್ಯಾರೇಜಿನಲ್ಲಿ ಇಳಕಲ್ ಸೀರೆ ಮಾರುತ್ತಿದ್ದಾಳೆ. ನಮ್ಮ ಕಡೆ ದಿಕ್ಕಿಲ್ಲದವರನ್ನೂ ಪರದೇಶಿ ಅಂತಾರಲ್ಲ, ಆ ದಿನ ನನ್ನ ಕಂಪನಿಗೆ ಆ ಅರ್ಥವೂ ಸರಿಯಾಗಿ ಹೊಂದುತ್ತಿತ್ತು.

ಪರದೇಶಿ ಕಂಪನಿ ಇನ್ನೊಂದು ರಾಜ್ಯದಲ್ಲಿ ಕೂತು ವ್ಯಾಪಾರ ಮಾಡಬೇಕಾದರೆ ಆ ರಾಜ್ಯದಲ್ಲಿ ಹೆಸರು ಬರೆಸಬೇಕು. ಇದಕ್ಕೆ ಫಾರಿನ್ ಕ್ವಾಲಿಫಿಕೇಷನ್ ಅನ್ನುತ್ತಾರೆ. ಇದರಿಂದ ಹೊಸ ಕಂಪನಿ ಹುಟ್ಟುವುದಿಲ್ಲ. ಇಗೋ, ಈ ಸೀರೆ ನೋಡಿ. ಮೈ ಬೇರೆ ನೂಲು, ಸೆರಗು ಬೇರೆ ನೂಲು. ನೇಯುವಾಗಲೇ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಸೀರೆ ಮಾತ್ರ ಒಂದೇ. ಹಾಗೆಯೇ ಇದೂ. ಹಳೇ ಟ್ಯಾಕ್ಸ್ ನಂಬರ್, ಹಳೇ ಬ್ಯಾಂಕ್ ಖಾತೆ ಎಲ್ಲ ಹಾಗೇ ಉಳಿಯುತ್ತವೆ.

ನಮ್ಮ ದೇಶದಲ್ಲಿ ಇಷ್ಟೊಂದು ಇಲ್ಲ. ಅಪ್ಪನ ಅಂಗಡಿಯವರು ನಾಳೆ ಸೊಲ್ಲಾಪುರದಲ್ಲಿ ಗೋದಾಮು ಮಾಡಿದರೆ ಮಹಾರಾಷ್ಟ್ರಕ್ಕೆ ಬೇರೆ ಜಿಎಸ್‌ಟಿ ನಂಬರ್ ಬೇಕು, ನಿಜ. ಆದರೆ ಬೆಂಗಳೂರಲ್ಲಿ ರಿಜಿಸ್ಟರ್ ಆದ ಕಂಪನಿಯನ್ನು ಪುಣೆಯಲ್ಲಿ ಯಾರೂ ಫಾರಿನ್ ಎನ್ನುವುದಿಲ್ಲ. ಕಂಪನಿ ಕಾನೂನು ಇಡೀ ದೇಶಕ್ಕೆ ಒಂದೇ. ಇಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು.

ಹೆಸರು ಬರೆಸದಿದ್ದರೆ ಏನಾಗುತ್ತದೆ? ಮಾಡಿದ ಒಪ್ಪಂದ ಸುಳ್ಳಾಗುವುದಿಲ್ಲ. ನನ್ನ ಮೇಲೆ ಯಾರಾದರೂ ಕೇಸ್ ಹಾಕಿದರೆ ನಾನು ಎದುರು ವಾದ ಮಾಡಬಹುದು. ಆದರೆ ಇಲ್ಲಿನ ವ್ಯಾಪಾರದ ಬಾಕಿಗೆ ನಾನಾಗಿ ಇಲ್ಲಿನ ಕೋರ್ಟಿನಲ್ಲಿ ಕೇಸ್ ನಡೆಸುವಂತಿಲ್ಲ. ಅಂದರೆ ಒದೆ ತಿನ್ನಲು ಬಾಗಿಲು ತೆರೆದಿದೆ, ಕೇಳಲು ಮುಚ್ಚಿದೆ. ಜೊತೆಗೆ ದಿನಕ್ಕೆ 20 ಡಾಲರ್‌ನಂತೆ 10,000 ಡಾಲರ್‌ವರೆಗೆ ದಂಡ ಹಾಕುವ ಅವಕಾಶವೂ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿದೆ. ನನಗೆ ಅದು ಬೀಳಲಿಲ್ಲ. ಆದರೆ ಆ ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ದಿನ ಎಣಿಸಿದ್ದು ನಿಜ.

ಸರಿ, ರಿಜಿಸ್ಟರ್ ಮಾಡೋಣ ಅಂತ ಕೂತೆ. ಕ್ಯಾಲಿಫೋರ್ನಿಯಾದಲ್ಲಿ ಕಂಪನಿಗಳ ದಾಖಲೆ ಇಡುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಬಿಜ್‌ಫೈಲ್ ಎಂಬ ವೆಬ್‌ಸೈಟ್‌ನಲ್ಲಿ ಅರ್ಜಿ. ಫೀ ಬರೀ 70 ಡಾಲರ್. ಇಷ್ಟೇನಾ ಅನಿಸಿತು. ಅರ್ಜಿಯ ಜೊತೆ ಡೆಲವೇರ್‌ನಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಬೇಕು, ಆರು ತಿಂಗಳಿಗಿಂತ ಹಳೆಯದು ಆಗುವುದಿಲ್ಲ. ಹುಟ್ಟಿದ ಊರಲ್ಲಿ ಈ ಕಂಪನಿಯದು ಯಾವ ತಕರಾರೂ ಇಲ್ಲ ಎನ್ನುವ ಪತ್ರ. ಅದಕ್ಕೆ 50 ಡಾಲರ್.

ತಕರಾರು ಇತ್ತು. ಡೆಲವೇರ್‌ನಲ್ಲಿ ಟ್ಯಾಕ್ಸ್ ಇಲ್ಲ ಅಂದಿದ್ದರಲ್ಲ? ಪ್ರತಿ ಎಲ್‌ಎಲ್‌ಸಿ ವರ್ಷಕ್ಕೆ 300 ಡಾಲರ್ ಕಟ್ಟಬೇಕು. ಲಾಭವಾಗಲಿ, ಆಗದಿರಲಿ. ಕೊನೆಯ ದಿನ ಜೂನ್ 1. ಅದರ ಸೂಚನೆ ಹೋಗಿದ್ದು ನಾನು ಬಿಟ್ಟುಬಿಟ್ಟ ಒಂದು ಹಳೆಯ ಇಮೇಲ್‌ಗೆ. ತಪ್ಪಿದರೆ 200 ಡಾಲರ್ ದಂಡ, ಮೇಲೆ ತಿಂಗಳಿಗೆ 1.5% ಬಡ್ಡಿ. ಬಡ್ಡಿ ಸೇರಿ ಹತ್ತಿರ ಹತ್ತಿರ 530 ಡಾಲರ್ ಕಟ್ಟಿದ ಮೇಲೆಯೇ ಆ ಪತ್ರ ಬಂದಿದ್ದು.

ಡೆಲವೇರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಂಪನಿಗಳ ಜಗಳಕ್ಕೆಂದೇ ಹೆಸರಾದ ಕೋರ್ಟ್ ಅಲ್ಲಿದೆ, ಕೋರ್ಟ್ ಆಫ್ ಚಾನ್ಸರಿ. 1792ರಿಂದ ನಡೆಯುತ್ತಿದೆ. ಜ್ಯೂರಿ ಇಲ್ಲ, ನ್ಯಾಯಾಧೀಶರೇ ತೀರ್ಪು ಕೊಡುತ್ತಾರೆ. ದೊಡ್ಡ ಹೂಡಿಕೆದಾರರಿಗೆ ಅದು ಇಷ್ಟ. ವಿಲ್ಮಿಂಗ್ಟನ್ ಊರಿನ ನಾರ್ತ್ ಆರೆಂಜ್ ಬೀದಿಯಲ್ಲಿ 1209 ನಂಬರಿನ ಒಂದು ತಗ್ಗು ಕಟ್ಟಡ ಇದೆ. ಎರಡೂವರೆ ಲಕ್ಷಕ್ಕೂ ಜಾಸ್ತಿ ಕಂಪನಿಗಳ ವಿಳಾಸ ಅದೊಂದೇ! ನಾಳೆ ನೀವು ಹೂಡಿಕೆ ಎತ್ತುವ ಸ್ಟಾರ್ಟಪ್ ಮಾಡುತ್ತೀರಿ ಎಂದರೆ ಡೆಲವೇರ್‌ಗೆ ಅರ್ಥ ಇದೆ. ಗ್ಯಾರೇಜಿನಲ್ಲಿ ನಲವತ್ತು ಸೀರೆ ಇಟ್ಟುಕೊಂಡವಳಿಗೆ ಇನ್ನೂರು ವರ್ಷದ ಕೋರ್ಟ್ ಯಾಕೆ ಬೇಕಿತ್ತು ಹೇಳಿ.

ಇನ್ನು ನಿಜವಾದ ಪೆಟ್ಟು. ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರ ಮಾಡುವ ಎಲ್‌ಎಲ್‌ಸಿ ವರ್ಷಕ್ಕೆ 800 ಡಾಲರ್ ಕಟ್ಟಬೇಕು. ರಾಜ್ಯದ ತೆರಿಗೆ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ವಸೂಲಿ ಮಾಡುತ್ತದೆ. ಕಂಪನಿ ಎಲ್ಲಿ ಹುಟ್ಟಿತು ಎನ್ನುವುದು ಅವರಿಗೆ ಬೇಡ, ನಾನು ಎಲ್ಲಿ ಕೂತು ಮಾರುತ್ತಿದ್ದೇನೆ ಎನ್ನುವುದು ಬೇಕು. ಸರಕು ಫ್ರೀಮಾಂಟ್‌ನಲ್ಲಿ, ನಾನು ಫ್ರೀಮಾಂಟ್‌ನಲ್ಲಿ, ಬಿಲ್ ಬರೆಯುವುದು ಇದೇ ಮೇಜಿನ ಮೇಲೆ. ವಾದಕ್ಕೆ ಜಾಗವೇ ಇಲ್ಲ. 2023ಕ್ಕೆ 800, 2024ಕ್ಕೆ 800. ತಡವಾಗಿದ್ದಕ್ಕೆ ದಂಡ, ಬಡ್ಡಿ ಬೇರೆ.

ಹೊಟ್ಟೆ ಉರಿದಿದ್ದು ಅದಕ್ಕಲ್ಲ. 2021ರಿಂದ 2023ರ ಕೊನೆಯೊಳಗೆ ಹೊಸದಾಗಿ ರಿಜಿಸ್ಟರ್ ಆದ ಎಲ್‌ಎಲ್‌ಸಿಗಳಿಗೆ ಕ್ಯಾಲಿಫೋರ್ನಿಯಾ ಮೊದಲ ವರ್ಷದ ಆ 800 ಡಾಲರ್ ಮಾಫಿ ಮಾಡಿತ್ತು. ಅವ್ವನ ಮಾತು ಕೇಳಿ ನಾನು ಆಗಲೇ ಇಲ್ಲಿ ಹೆಸರು ಬರೆಸಿದ್ದರೆ ಆ ಮಾಫಿ ನನಗೂ ಸಿಗುತ್ತಿತ್ತು. ಟ್ಯಾಕ್ಸ್ ಉಳಿಸಲು ಡೆಲವೇರ್‌ಗೆ ಹೋದವಳು ಮಾಫಿಯಾಗಬೇಕಿದ್ದ ಟ್ಯಾಕ್ಸನ್ನೂ ಕಟ್ಟಿದೆ.

ಅರ್ಜಿ ತುಂಬುವುದು ಕಷ್ಟ ಅಲ್ಲ. ಕಂಪನಿಯ ಹೆಸರನ್ನು ಇಲ್ಲಿ ಬೇರೆ ಯಾರಾದರೂ ಇಟ್ಟುಕೊಂಡಿದ್ದರೆ ಇನ್ನೊಂದು ಹೆಸರು ಕೊಡಬೇಕಾಗುತ್ತದೆ. ನನ್ನದು ಆಯಿಯ ಹೆಸರು, ಕ್ಯಾಲಿಫೋರ್ನಿಯಾದಲ್ಲಿ ಯಾರೂ ಮುಟ್ಟಿರಲಿಲ್ಲ. ಆಮೇಲೆ ಕೋರ್ಟಿನ ಕಾಗದ ತೆಗೆದುಕೊಳ್ಳಲು ಈ ರಾಜ್ಯದಲ್ಲೇ ಇರುವ ಒಬ್ಬ ಏಜೆಂಟ್ ಬೇಕು. ದುಡ್ಡು ಉಳಿಯಲಿ ಅಂತ ನನ್ನನ್ನೇ ಹಾಕಿಕೊಂಡೆ. ಇದರಲ್ಲಿ ಒಂದು ತೊಂದರೆ ಇದೆ. ಮನೆ ವಿಳಾಸ ಎಲ್ಲರಿಗೂ ಕಾಣುವ ದಾಖಲೆಯಾಗುತ್ತದೆ. ಎರಡೇ ವಾರದಲ್ಲಿ ಸರ್ಕಾರದ ನೋಟಿಸ್ ತರಹವೇ ಕಾಣುವ ಕಾಗದಗಳು ಬರತೊಡಗಿದವು. ಹದ್ದಿನ ಚಿತ್ರ, ದಪ್ಪ ಅಕ್ಷರ, ಕೂಡಲೇ ಇಷ್ಟು ಕಟ್ಟಿ ಅಂತ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ, ನಾವು ಸರ್ಕಾರಿ ಸಂಸ್ಥೆ ಅಲ್ಲ. ನಾನು ಒಂದಕ್ಕೆ ಚೆಕ್ ಬರೆದೂ ಬಿಟ್ಟಿದ್ದೆ. ಅಂಚೆಗೆ ಹಾಕುವ ಮುಂಚೆ ಮಗಳು ಓದಿದಳು. ಅವಳಿಗೆ ಕಣ್ಣು ಚೆನ್ನಾಗಿದೆ.

ಒಪ್ಪಿಗೆ ಬಂದ 90 ದಿನದೊಳಗೆ ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್ ಅಂತ ಕಂಪನಿಯ ವಿವರ ಕೊಡುವ ಇನ್ನೊಂದು ಫಾರಂ, 20 ಡಾಲರ್. ಆಮೇಲೆ ಎರಡು ವರ್ಷಕ್ಕೊಮ್ಮೆ.

ಬೇರೆ ರಾಜ್ಯದವರು ಕೇಳುತ್ತೀರಿ ಅಂತ ಗೊತ್ತು. ಟೆಕ್ಸಸ್‌ನಲ್ಲಿ ಇದೇ ಕೆಲಸಕ್ಕೆ ಫೀ 750 ಡಾಲರ್. ಮ್ಯಾಸಚೂಸೆಟ್ಸ್‌ನಲ್ಲಿ 500. ನ್ಯೂಯಾರ್ಕ್‌ನದು ಮಾತ್ರ ಮಜಾ. ಫೀ 250, ಆದರೆ ಅದಾದ 120 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಆರು ವಾರ ಪ್ರಕಟಣೆ ಹಾಕಿಸಬೇಕು. ನಮ್ಮಲ್ಲಿ ಹೆಸರು ಬದಲಾಯಿಸಿಕೊಂಡವರು ಹಾಕಿಸುತ್ತಾರಲ್ಲ, ಹಾಗೆ. ಮ್ಯಾನ್‌ಹಟನ್‌ನಲ್ಲಿ ಅದರ ಖರ್ಚೇ ಸಾವಿರ ಡಾಲರ್ ದಾಟುವುದು ಮಾಮೂಲು.

ಹಾಗಂತ ಸೀರೆ ಹೋದ ಕಡೆಯೆಲ್ಲ ಕಂಪನಿ ಹೋಗಬೇಕಾಗಿಲ್ಲ. ಡಾಲಸ್‌ನಲ್ಲಿ ಇರುವವರು ಆನ್‌ಲೈನ್‌ನಲ್ಲಿ ಕೊಂಡರು, ನಾನು ಇಲ್ಲಿಂದ ಪಾರ್ಸೆಲ್ ಕಳಿಸಿದೆ, ಬರೀ ಅಷ್ಟಕ್ಕೆ ಟೆಕ್ಸಸ್‌ನಲ್ಲಿ ಎಲ್‌ಎಲ್‌ಸಿ ಹೆಸರು ಬರೆಸಬೇಕಿಲ್ಲ. ಸೇಲ್ಸ್ ಟ್ಯಾಕ್ಸ್ ಲೆಕ್ಕ ಬೇರೆ, ಅದನ್ನು ಇದರ ಜೊತೆ ಕಲಸಬೇಡಿ. ಅಲ್ಲೇ ಗೋದಾಮು ಹಿಡಿದರೆ, ಕೆಲಸಕ್ಕೆ ಜನ ಇಟ್ಟರೆ, ಅಂಗಡಿ ತೆರೆದರೆ ಮಾತು ಬದಲಾಗುತ್ತದೆ.

ಡೆಲವೇರ್ ಕಂಪನಿಯನ್ನು ಪೂರ್ತಿ ಕ್ಯಾಲಿಫೋರ್ನಿಯಾ ಕಂಪನಿಯಾಗಿ ಬದಲಿಸುವ ದಾರಿಯೂ ಇದೆ. ಆಗ ನನಗೆ ಬಾಕಿ ವಸೂಲಿಯ ಅವಸರ, ಅದಕ್ಕೇ ಇಲ್ಲಿ ಹೆಸರು ಬರೆಸುವ ದಾರಿ ಹಿಡಿದೆ. ಈಗ ಎರಡು ರಾಜ್ಯಕ್ಕೂ ಕಟ್ಟುತ್ತಿದ್ದೇನೆ. ಮುಂದಿನ ಜೂನ್ 1ಕ್ಕೆ ಮುಂಚೆ ಬದಲಿಸಬೇಕು. ಇದನ್ನು ಹೋದ ಜೂನ್‌ಗೆ ಮುಂಚೆಯೂ ಹೇಳಿದ್ದೆ. ನೀವು ಹೊಸದಾಗಿ ಶುರು ಮಾಡುತ್ತಿದ್ದರೆ, ಒಬ್ಬರೋ ಇಬ್ಬರೋ ಮನೆಯಿಂದ ಮಾಡುವ ವ್ಯಾಪಾರವಾಗಿದ್ದರೆ, ನೀವಿರುವ ರಾಜ್ಯದಲ್ಲೇ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಫೀ 70 ಡಾಲರೇ.

ಕೇಸ್ ಏನಾಯಿತು ಅಂತೀರಾ? ರಿಜಿಸ್ಟ್ರೇಷನ್ ಆದ ಮೇಲೆ 50 ಡಾಲರ್ ಕಟ್ಟಿ ಕೇಸ್ ಹಾಕಿದೆ. ಕೋರ್ಟ್ ಕಾಗದ ಬುಟಿಕ್‌ಗೆ ಮುಟ್ಟಿತು. ವಿಚಾರಣೆಗೆ ಹತ್ತು ದಿನ ಇರುವಾಗ ಎರಡು ಚೆಕ್ ಬಂದವು. ಎರಡೂ ಪಾಸಾದವು. ಬಂದ ದಿನ ಶುಕ್ರವಾರ.

ಅವ್ವನಿಗೆ ಫೋನ್ ಮಾಡಿ ಹೇಳಿದೆ, ಕಂಪನಿ ಈಗ ಇಲ್ಲಿಗೇ ಬಂತು ಅಂತ.

"ಅಲ್ಲಿಂದ ಬಿಡಿಸಿಕೊಂಡಿ ಏನು?"

"ಇಲ್ಲ ಅವ್ವಾ, ಅಲ್ಲೂ ಐತಿ, ಇಲ್ಲೂ ಐತಿ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಹಸಿರು ಸೀರಿ ಎಷ್ಟು ಹೋದವು?"