ನಡುವಣ ತರಗತಿಗಳ ಸಂಶೋಧನೆಗೆ ಮನ್ನಣೆ

ಕೇಳುಗರಿಗೆ ನಮಸ್ಕಾರ.

ಐದನೆಯ ತರಗತಿಯವರೆಗೆ ಒಬ್ಬರೇ ಶಿಕ್ಷಕರ ಬಳಿ ಕಲಿತ ಹುಡುಗಿಯೊಬ್ಬಳು ಆರನೆಯ ತರಗತಿಗೆ ಬಂದೊಡನೆ, ಗಂಟೆ ಬಾರಿಸಿದಾಗಲೆಲ್ಲ ಪುಸ್ತಕಗಳನ್ನು ಎದೆಗವಚಿಕೊಂಡು ಬೇರೊಂದು ಕೋಣೆಗೆ, ಬೇರೊಬ್ಬ ಶಿಕ್ಷಕರ ಎದುರಿಗೆ ಹೋಗಿ ಕೂರುತ್ತಾಳೆ. ಗಣಿತದಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವಳು ಈಗ ಉತ್ತರ ಗೊತ್ತಿದ್ದರೂ ಸುಮ್ಮನಿರುತ್ತಾಳೆ. ಏಕೆ ಎಂದು ಕೇಳುವುದು ಸುಲಭ. ಆದರೆ ಅದಕ್ಕೆ ಉತ್ತರ ಹುಡುಕಲು ವರ್ಷಗಟ್ಟಲೆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವವರು ಬೇಕು. ಆ ಕೆಲಸವನ್ನು ಮಾಡುತ್ತಿರುವವರಲ್ಲಿ ಹಲವರು ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು.

10ರಿಂದ 15 ವರ್ಷದ, ಅಂದರೆ ನಡುವಣ ತರಗತಿಗಳ, ಮಕ್ಕಳಿಗೆ ಅವರದೇ ಆದ ಶಾಲೆ ಬೇಕೆಂಬ ವಿಚಾರಕ್ಕೆ ಅಮೆರಿಕದಲ್ಲಿ ಬಲ ಬಂದದ್ದು 1963ರಲ್ಲಿ, ಶಿಕ್ಷಣತಜ್ಞ ವಿಲಿಯಂ ಅಲೆಗ್ಸಾಂಡರ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದ ನಂತರ. ಮಕ್ಕಳು ತಮ್ಮ ನಿರ್ಧಾರವನ್ನು ತಾವೇ ಮಾಡಬಯಸುವ ವಯಸ್ಸಿನಲ್ಲೇ ಶಾಲೆ ಹಿಡಿತ ಬಿಗಿ ಮಾಡುತ್ತದೆ, ನಂಬಿಕೆಯ ಹಿರಿಯರೊಬ್ಬರು ಬೇಕಾದ ಹೊತ್ತಿನಲ್ಲೇ ಶಿಕ್ಷಕರೊಂದಿಗಿನ ನಂಟು ತೆಳುವಾಗುತ್ತದೆ ಎಂಬುದನ್ನು ಸಂಶೋಧಕಿಯರಾದ ಜಾಕ್ವೆಲಿನ್ ಎಕಲ್ಸ್ ಮತ್ತು ಕೆರಲ್ ಮಿಡ್ಗ್ಲಿ 1989ರಲ್ಲಿ ಮಂಡಿಸಿದರು. 1916ರಲ್ಲಿ ಆರಂಭವಾದ ಅಮೆರಿಕದ ಶಿಕ್ಷಣ ಸಂಶೋಧನಾ ಸಂಘದಲ್ಲಿ ಇಂದು ಈ ಹಂತದ ಅಧ್ಯಯನಕ್ಕೆಂದೇ ಪ್ರತ್ಯೇಕ ಬಳಗವಿದೆ. ಹಾಗಿದ್ದರೂ ಈ ಕ್ಷೇತ್ರದ್ದು ನಡುಮನೆಯ ಪಾಡು: ಪ್ರಾಥಮಿಕ ಶಿಕ್ಷಣದವರಿಗೆ ಇದು ಪ್ರೌಢಶಾಲೆಯ ವಿಷಯವಾಗಿ ಕಾಣುತ್ತದೆ, ಪ್ರೌಢಶಿಕ್ಷಣದವರಿಗೆ ಪ್ರಾಥಮಿಕದ ಬಾಲವಾಗಿ ಕಾಣುತ್ತದೆ. ಅದಕ್ಕಾಗಿಯೇ ಇಲ್ಲಿ ದುಡಿಯುವ ಕಿರಿಯ ಸಂಶೋಧಕರಿಗೆ ಪ್ರತ್ಯೇಕ ಪುರಸ್ಕಾರವಿರಬೇಕು ಎನ್ನುತ್ತೇನೆ.

ಆದರೆ ಯಾವುದನ್ನು ಪುರಸ್ಕರಿಸಬೇಕು? ಈ ಸಂಶೋಧಕರಲ್ಲಿ ಹಲವರು ಹಗಲು ಪಾಠ ಹೇಳಿ ರಾತ್ರಿ ಪ್ರಬಂಧ ಬರೆಯುವ ಶಿಕ್ಷಕರು. ಹನ್ನೊಂದು ವರ್ಷದ ಮಗುವನ್ನು ಸಂದರ್ಶಿಸಬೇಕಾದರೆ ಪೋಷಕರ ಸಹಿ ಬೇಕು, ಮುಖ್ಯೋಪಾಧ್ಯಾಯರ ಅನುಮತಿ ಬೇಕು, ಎಲ್ಲಕ್ಕಿಂತ ಮೊದಲು ಮಗುವಿಗೇ ಮಾತನಾಡುವ ಮನಸ್ಸಿರಬೇಕು. ಅಷ್ಟರಲ್ಲಿ ಪರೀಕ್ಷೆಯ ವಾರ ಬಂದು ಹೋಗುತ್ತದೆ. ಐದನೆಯ ತರಗತಿಯಿಂದ ಏಳನೆಯವರೆಗೆ ಅದೇ ಮಕ್ಕಳನ್ನು ಹಿಂಬಾಲಿಸುವ ಅಧ್ಯಯನಕ್ಕೆ ಕನಿಷ್ಠ ಎರಡು ವರ್ಷ ಹಿಡಿಯುತ್ತದೆ. ನಡುವೆ ಕೆಲವರು ಊರು ಬಿಡುತ್ತಾರೆ, ಕೆಲವರು ಶಾಲೆ ಬದಲಿಸುತ್ತಾರೆ, ಸಂಶೋಧಕರ ಶಿಷ್ಯವೇತನವೂ ಮುಗಿಯುತ್ತ ಬರುತ್ತದೆ. ಹೀಗಾಗಿ ಬಹಳ ಮಂದಿ ಒಂದೇ ದಿನ ಪ್ರಶ್ನಾವಳಿ ಹಂಚಿ, ಅದೇ ಸಂಜೆ ವಾಪಸು ಪಡೆದು ಕೋಷ್ಟಕ ತುಂಬಿಸುವ ದಾರಿ ಹಿಡಿಯುತ್ತಾರೆ. ಅವರನ್ನು ದೂರಲಾರೆ. ಆದರೆ ದಪ್ಪ ಕೋಷ್ಟಕಗಳಿಗೇ ಬಹುಮಾನ ಹೋಗುತ್ತಿದ್ದರೆ ಮುಂದಿನವರೂ ಅದನ್ನೇ ಮಾಡುತ್ತಾರೆ.

ತೀರ್ಪುಗಾರರು ಸಾಮಾನ್ಯವಾಗಿ ಸಾರಲೇಖವನ್ನೂ ಕೊನೆಯ ಅಧ್ಯಾಯವನ್ನೂ ಓದಿ ಅಂಕ ಹಾಕುತ್ತಾರೆ. ನಾನಾದರೆ ಅನುಬಂಧದಿಂದ ಆರಂಭಿಸುತ್ತೇನೆ. ಮಕ್ಕಳ ಮಾತು ಇದ್ದಂತೆಯೇ ಉಳಿದಿರುವುದು ಅಲ್ಲಿ; ಸಂಶೋಧಕರು ಕೇಳಿದ ಪ್ರಶ್ನೆ ಮಗುವಿಗೆ ಅರ್ಥವಾಗಿತ್ತೇ, ಮಗು ತಡವರಿಸಿದಾಗ ಕಾದರೇ, ಅಥವಾ ಬೇಕಾದ ಉತ್ತರವನ್ನು ಬಾಯಿಗೆ ತುರುಕಿದರೇ ಎಂಬುದು ಎರಡು ಪುಟಗಳಲ್ಲಿ ತಿಳಿದುಬಿಡುತ್ತದೆ. ಹೊಸ ಬೋಧನಾ ವಿಧಾನವನ್ನು ಪ್ರಯೋಗಿಸಿ ನೋಡಿ, ಅದರಿಂದ ಕಲಿಕೆಯಲ್ಲಿ ಏನೂ ಬದಲಾಗಲಿಲ್ಲ ಎಂದು ನೇರವಾಗಿ ಬರೆದ ಪ್ರಬಂಧವನ್ನೂ ಮುಂದಿನ ಸಾಲಿನಲ್ಲೇ ಇಡಬೇಕು, ಏಕೆಂದರೆ ಆ ಒಂದು ವಾಕ್ಯ ಎಷ್ಟೋ ಶಾಲೆಗಳ ಒಂದು ವರ್ಷವನ್ನು ಉಳಿಸಬಲ್ಲದು.

ಫಲಕ, ಶಾಲು, ಛಾಯಾಚಿತ್ರ ಇರಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಪುರಸ್ಕೃತರಿಗೆ ಆರು, ಏಳು, ಎಂಟನೆಯ ತರಗತಿಗಳಿಗೆ ಪಾಠ ಹೇಳುವ ಶಿಕ್ಷಕರ ಮುಂದೆ ಒಂದು ಗಂಟೆ ಮಾತನಾಡುವ, ಅವರ ಪ್ರಶ್ನೆಗಳಿಗೆ ಉತ್ತರಿಸುವ ಅವಕಾಶ ಕಲ್ಪಿಸಬೇಕು. ಆಯ್ಕೆಯಾಗದೆ ಉಳಿದವರಿಗೂ ತೀರ್ಪುಗಾರರು ತಮ್ಮ ಅಭಿಪ್ರಾಯವನ್ನು ಒಂದು ಪುಟದಷ್ಟಾದರೂ ಬರೆದು ಕಳುಹಿಸಬೇಕು. ಮಾರ್ಗದರ್ಶಕರನ್ನೂ ಪರೀಕ್ಷಕರನ್ನೂ ಬಿಟ್ಟರೆ ಆ ಪ್ರಬಂಧವನ್ನು ಓದಿದವರು ಬಹುಶಃ ಆ ತೀರ್ಪುಗಾರರಷ್ಟೇ ಆಗಿರುತ್ತಾರೆ.

ನಮಸ್ಕಾರ.