ಸಣ್ಣ ಕ್ಯಾಟಲಿಟಿಕ್ ಸೌದೆ ಒಲೆ ರಾತ್ರಿಯಿಡೀ ಉರಿಯಬೇಕಾದರೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ವರ್ಮಾಂಟ್, ಮೇನ್, ಮಿನ್ನೆಸೋಟಾದಂಥ ಚಳಿ ಸೀಮೆಗಳಲ್ಲಿ ಸಣ್ಣ ಕ್ಯಾಟಲಿಟಿಕ್ ಒಲೆ (ಹೊಗೆಯನ್ನೂ ಉರಿಸುವ ಕ್ಯಾಟಲಿಸ್ಟ್ ಎಂಬ ಬಿಲ್ಲೆಯಿರುವ, ಮನೆ ಬೆಚ್ಚಗಿಡುವ ಒಲೆ) ಇಟ್ಟುಕೊಂಡವರಿಗೆ ಬೇಕಾದ್ದು ಇಷ್ಟೇ: ರಾತ್ರಿ ತುಂಬಿದ ಸೌದೆ ಬೆಳಗಿನವರೆಗೆ ಬರಬೇಕು.

ಮೊದಲು ಲೆಕ್ಕ ನೋಡೋಣ. 1.5 ಘನ ಅಡಿಯ ಒಲೆಗೆ ಒಣಗಿದ ಓಕ್ ಸುಮಾರು 12 ಕಿಲೋ ಹಿಡಿಯುತ್ತದೆ ಅನ್ನಿ. ಕಿಲೋಗೆ ಸುಮಾರು 4 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖದಂತೆ 48 ಯೂನಿಟ್. ಅದರಲ್ಲಿ ಮುಕ್ಕಾಲು ಪಾಲು ಮನೆಗೆ ದಕ್ಕಿದರೆ 36. ಹನ್ನೆರಡು ಗಂಟೆ ಉರಿಸಿದರೆ ಗಂಟೆಗೆ 3 ಯೂನಿಟ್, ಆರು ಗಂಟೆಯಲ್ಲಿ ಮುಗಿಸಿದರೆ 6. ಹೊರಗೆ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಇದ್ದು ಮನೆ ಗಂಟೆಗೆ 6 ಯೂನಿಟ್ ಬೇಡುತ್ತಿದ್ದರೆ, ಗಾಳಿ ಹೆಚ್ಚು ಕಡಿಮೆ ಮಾಡುವ ಗುಬುಟನ್ನು ಎಷ್ಟು ತಿರುಗಿಸಿದರೂ ಹನ್ನೆರಡು ಗಂಟೆ ಬೆಚ್ಚಗಿರಲು ಸಾಧ್ಯವಿಲ್ಲ. ಅಂಥ ಮನೆಯಲ್ಲಿ ಒಲೆಗಿಂತ ಮೊದಲು ಅಟ್ಟದ ಸಂದುಗಳನ್ನು ಮುಚ್ಚಬೇಕು.

ಹಾಗಾದರೆ ಕ್ಯಾಟಲಿಸ್ಟ್ ಮಾಡುವುದೇನು? ಹೊಗೆ ತಾನಾಗಿ ಹೊತ್ತಿಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಪಲ್ಲಾಡಿಯಂ, ಪ್ಲಾಟಿನಂ ಲೇಪಿಸಿದ ಸಣ್ಣ ಕಿಂಡಿಗಳ ಮೂಲಕ ಹಾದರೆ ಅದೇ ಹೊಗೆ 260ರ ಆಸುಪಾಸಿನಲ್ಲೇ ಉರಿಯುತ್ತದೆ. ಮಾಮೂಲಿ ಒಲೆಯ ಗಾಳಿ ಕಟ್ಟಿದರೆ ಇಂಧನದ ಒಂದು ಪಾಲು ಹೊಗೆಯಾಗಿ ಚಿಮಣಿಯಲ್ಲಿ ಕ್ರಿಯೋಸೋಟ್ ಆಗಿ, ಅಂದರೆ ಹೊತ್ತಿಕೊಳ್ಳಬಲ್ಲ ಡಾಂಬರಿನಂಥ ಜಿಡ್ಡಾಗಿ, ಅಂಟುತ್ತದೆ. ಕ್ಯಾಟಲಿಸ್ಟ್ ಇದ್ದಾಗ ಮಂದ ಉರಿಯಲ್ಲೂ ಆ ಹೊಗೆ ಶಾಖವಾಗುತ್ತದೆ. ಅದು ಕೊಡುವುದು ನಿಧಾನವಾಗಿ ಉರಿಸುವ ಅವಕಾಶ ಮಾತ್ರ. ಉರಿಯುವುದು ನೀವು ತುಂಬಿದ ಸೌದೆಯೇ.

ಆದ್ದರಿಂದ ಸೌದೆಯ ಮಾತೇ ಮುಖ್ಯ. ಓಕ್ ಸೀಳಿ, ಮೇಲಷ್ಟೇ ಮುಚ್ಚಿ, ಗಾಳಿಯಾಡುವಂತೆ ಒಟ್ಟಿ ಎರಡು ಮೂರು ವರ್ಷ ಬಿಡಬೇಕು. ಅಂಗಡಿಯವರು ‘ಒಣಗಿದೆ’ ಅಂದದ್ದನ್ನು ನಂಬಬೇಡಿ. ಒಂದು ತುಂಡನ್ನು ಮನೆಯೊಳಗಿಟ್ಟು ಬೆಚ್ಚಗಾದ ಮೇಲೆ ಮತ್ತೆ ಸೀಳಿ, ಹೊಸ ಮುಖದ ನಡುವೆ, ನಾರಿನ ಉದ್ದಕ್ಕೆ ತೇವದ ಮೀಟರಿನ ಮುಳ್ಳು ಚುಚ್ಚಿ. ಶೇ. 20ರ ಒಳಗಿರಬೇಕು. ಹೊರಮೈಗೆ ಚುಚ್ಚಿದರೆ ಮೀಟರು ಸುಳ್ಳು ಹೇಳುತ್ತದೆ. ಹಸಿ ಸೌದೆಯ ಹಬೆ ಉರಿಯನ್ನು ತಣಿಸುತ್ತದೆ. ಕಾದ ಸೆರಾಮಿಕ್ ಕ್ಯಾಟಲಿಸ್ಟ್‌ಗೆ ಬಡಿದರೆ ಅದು ಬಿರುಕು ಬಿಡಲೂಬಹುದು.

ನಮ್ಮೂರ ಹಂಡೆ ಒಲೆಯಲ್ಲಿ ಉರಿ ನೋಡಿ ನೋಡಿ ಕೊಳ್ಳಿಯನ್ನು ಮುಂದೆ ತಳ್ಳುವ ರೂಢಿ ಇದೆಯಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಒಂದೇ ಸಲಕ್ಕೆ ಬಿಗಿಯಾಗಿ ತುಂಬಬೇಕು. ಒಲೆಯ ಒಳ ಉದ್ದ ಅಳೆದು, ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆ ಉದ್ದಕ್ಕೆ ಕೊಯ್ಸಿ. 18 ಇಂಚಿನ ಒಲೆಗೆ ಮಾರುಕಟ್ಟೆಯ 16 ಇಂಚಿನ ತುಂಡು ಹಾಕಿದರೆ ಒಂಬತ್ತರಲ್ಲಿ ಒಂದು ಪಾಲು ಜಾಗ ಖಾಲಿ. ದಪ್ಪನೆಯ, ಚೌಕಾಕಾರದ ಸೀಳುಗಳು ಕೆಳಗೆ, ಸಂದುಗಳಿಗೆ ತೆಳು ತುಂಡು. ಸಣ್ಣ ಚೂರುಗಳೇ ತುಂಬಿದರೆ ಎಲ್ಲವೂ ಒಟ್ಟಿಗೆ ಅನಿಲ ಬಿಟ್ಟು ಕ್ಯಾಟಲಿಸ್ಟ್ ವಿಪರೀತ ಕಾಯುತ್ತದೆ, ಸೌದೆಯೂ ಬೇಗ ಮುಗಿಯುತ್ತದೆ. ತುಂಬುವ ಮೊದಲು ಕೆಂಡವನ್ನು ಮುಂದಕ್ಕೆ ಎಳೆದುಕೊಳ್ಳಿ. ಬೂದಿ ಎರಡು ಮೂರು ಸೆಂಟಿಮೀಟರ್ ಇರಲಿ, ಪೂರ್ತಿ ಬಳಿಯಬೇಡಿ.

ಬಾಗಿಲು ತೆರೆಯುವ ಮೊದಲು ಬೈಪಾಸ್ (ಹೊಗೆಯನ್ನು ಕ್ಯಾಟಲಿಸ್ಟ್‌ಗೆ ಮುಟ್ಟಿಸದೆ ನೇರ ಚಿಮಣಿಗೆ ಬಿಡುವ ಕದ) ತೆರೆಯುವುದು ಕಡ್ಡಾಯ. ತುಂಬಿದ ಮೇಲೆ ಗಾಳಿ ಪೂರ್ತಿ ಬಿಡಿ. ಕ್ಯಾಟಲಿಸ್ಟ್‌ನ ಥರ್ಮಾಮೀಟರಿನ ಮುಳ್ಳು ಸಕ್ರಿಯ ವಲಯಕ್ಕೆ (ಕ್ಯಾಟಲಿಸ್ಟ್ ಕೆಲಸ ಮಾಡುವಷ್ಟು ಕಾದಿದೆ ಎಂದು ತೋರಿಸುವ ಗುರುತಿಗೆ) ಬಂದಾಗ ಬೈಪಾಸ್ ಮುಚ್ಚಿ, ಇನ್ನೂ 20–30 ನಿಮಿಷ ಜೋರಾಗಿಯೇ ಉರಿಸಿ. ಆಮೇಲೆ ಗಾಳಿಯನ್ನು ಮೂರು ನಾಲ್ಕು ಹಂತಗಳಲ್ಲಿ, ನಡುನಡುವೆ ಐದು ಹತ್ತು ನಿಮಿಷ ಬಿಟ್ಟು, ಇಳಿಸಿ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ನಿದ್ದೆಯ ಆತುರಕ್ಕೆ ಒಮ್ಮೆಲೇ ಕಟ್ಟಿದರೆ ಕ್ಯಾಟಲಿಸ್ಟ್ ಆರುತ್ತದೆ. ಇಲ್ಲವೇ ಕೂಡಿಕೊಂಡ ಅನಿಲ ಧುಪ್ಪೆಂದು ಹೊತ್ತಿ ಸಂದುಗಳಿಂದ ಹೊಗೆ ಕೋಣೆಗೆ ಉಗುಳುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ರಾತ್ರಿ ಉರಿ ಇಡಲೇಬೇಡಿ.

ಮಂದ ಉರಿಯಲ್ಲಿ ಕ್ಯಾಟಲಿಸ್ಟ್ ಕೆಂಪಗೆ ಹೊಳೆಯದಿದ್ದರೆ ಗಾಬರಿ ಬೇಡ. ಮುಳ್ಳು ಸಕ್ರಿಯ ವಲಯದಲ್ಲಿದ್ದು ಚಿಮಣಿಯಿಂದ ಹೊಗೆ ಕಾಣದಿದ್ದರೆ ಕೆಲಸ ನಡೆದಿದೆ. ಗಾಜು ಕಪ್ಪಾಗುವುದೂ ಸಹಜ.

ಗಾಳಿ ಕಡಿಮೆ ಮಾಡಿದರೂ ಉರಿ ತಗ್ಗದಿದ್ದರೆ ಎಲ್ಲೋ ಸೋರುತ್ತಿದೆ. ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲಂಚಿನ ಸಂದು ಮುಚ್ಚುವ ಗ್ಯಾಸ್ಕೆಟ್ ಹಗ್ಗ ಬದಲಿಸಿ. ಬೈಪಾಸ್‌ನ ಗ್ಯಾಸ್ಕೆಟ್ಟನ್ನೂ ನೋಡಿ, ಅಲ್ಲಿ ಸೋರಿದರೆ ಹೊಗೆ ಕ್ಯಾಟಲಿಸ್ಟ್‌ಗೆ ಮುಟ್ಟದೆ ಹೋಗುತ್ತದೆ. ಎರಡೂ ಸರಿಯಿದ್ದರೆ ಎತ್ತರದ ಚಿಮಣಿಯ ಸೆಳೆತ ಹೆಚ್ಚಿರಬಹುದು. ಸೆಳೆತ ಅಳೆಯುವ ಮಾನೋಮೀಟರಿನಲ್ಲಿ ಸುಮಾರು 12 ಪಾಸ್ಕಲ್ ಸಾಕು. ಅದನ್ನು ಬಹಳ ಮೀರಿದರೆ, ತಯಾರಕರ ಕೈಪಿಡಿ ಒಪ್ಪುವುದಾದರೆ, ಹೊಗೆ ಕೊಳವೆಗೆ ಡ್ಯಾಂಪರ್ (ಸೆಳೆತ ತಗ್ಗಿಸುವ ತಿರುಗು ತಗಡು) ಹಾಕಿಸಿ.

ಬಣ್ಣ ಬಳಿದ ಹಲಗೆ, ರಾಸಾಯನಿಕ ಹಾಕಿದ ಮರ, ಬಣ್ಣದ ಕಾಗದ, ಸಮುದ್ರದಲ್ಲಿ ತೇಲಿ ಬಂದ ಉಪ್ಪು ಮರ, ಇವು ಕ್ಯಾಟಲಿಸ್ಟ್‌ಗೆ ವಿಷ. ಬೂದಿ ಕಟ್ಟಿದ್ದರೆ ಒಲೆ ಪೂರ್ತಿ ತಣ್ಣಗಾದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಹಾಗೂ ಮಂಕಾಗಿದ್ದರೆ, ಬಿಳಿ ವಿನೆಗರ್ ಮತ್ತು ಬಟ್ಟಿ ಇಳಿಸಿದ ನೀರನ್ನು ಸಮಸಮ ಬೆರೆಸಿ, ಅದರಲ್ಲಿ ಕ್ಯಾಟಲಿಸ್ಟನ್ನು ಅರ್ಧ ಗಂಟೆ ಸಣ್ಣಗೆ ಕುದಿಸಿ, ಬರೀ ಬಟ್ಟಿ ನೀರಿನಲ್ಲಿ ಎರಡು ಸಲ ಜಾಲಿಸಿ, ಪೂರ್ತಿ ಒಣಗಿಸಿ ಕೂರಿಸಿ. ಇಷ್ಟಾದರೂ ಒಣ ಸೌದೆಯಲ್ಲೇ ಹೊಗೆ ಬರುತ್ತಿದ್ದರೆ ಹೊಸದನ್ನು ತರಿಸಿ.